ತಾಯಿಗೆ ಹಚ್ಚಿದ ಬಣ್ಣ

ಕುರಿಗಳಿಗೆ ಲಸಿಕೆ ಹಾಕುವ ಹಿಂದಿನ ದಿನ ಸಾಕುವವರ ಮೊಬೈಲಿಗೆ ಮೆಸೇಜ್ ಕಳಿಸುವ ಪ್ರೋಗ್ರಾಂ ಒಂದನ್ನು ಕಡೂರಿನಲ್ಲಿ ಕೂತು ಬರೆದಿದ್ದೆ. ಯಾರೂ ಕೇಳಿರಲಿಲ್ಲ, ಊರಿಗೆ ಉಪಕಾರ ಮಾಡುವ ಹುಚ್ಚು ನನ್ನದು. ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಜಾವಾ ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟೊಂದರ ಮೇಲೆ ಅದು ನಿಂತಿತ್ತು. ಕೋಡಿನ ತಲೆಯ ಮೇಲೆ ಅನೊಟೇಶನ್ ಎಂಬ ಒಂದು ಸಾಲಿನ ಗುರುತು ಹಾಕಿದರೆ, ಇದನ್ನು ದಿನಾ ಬೆಳಿಗ್ಗೆ ಓಡಿಸಬೇಕೆಂದು ಫ್ರೇಮ್‌ವರ್ಕಿಗೆ ತಿಳಿಯುತ್ತದೆ. ಕಡೂರು, ತರೀಕೆರೆ, ಅಜ್ಜಂಪುರಕ್ಕೆ ಕ್ಲಾಸ್ ಎನ್ನುವ ಕೋಡಿನ ಮೂರು ತುಂಡು ಬರೆದು, ಗುರುತನ್ನು ಮಾತ್ರ ಮೂರಕ್ಕೂ ತಾಯಿಯಾದ ಕ್ಲಾಸಿಗೆ ಒಂದೇ ಸಲ ಹಾಕಿ ಜಾಣನಾದೆ. ತಾಯಿಯ ಗುರುತನ್ನು ಫ್ರೇಮ್‌ವರ್ಕ್ ನೋಡುವುದೇ ಇಲ್ಲವೆಂದು ಗೊತ್ತಿರಲಿಲ್ಲ. ಒಂದು ಮೆಸೇಜೂ ಹೋಗಲಿಲ್ಲ, ತಪ್ಪಾಗಿದೆ ಎಂದೂ ಅದು ಹೇಳಲಿಲ್ಲ.

ಯಗಟಿಯಲ್ಲಿ ಕುರಿ ಸಾಕುವ ಅಜ್ಜಿಯೊಬ್ಬರು ಆ ಮೆಸೇಜನ್ನೇ ನಂಬಿ ಕೂತು ಲಸಿಕೆ ತಪ್ಪಿಸಿಕೊಂಡರು. ಹನ್ನೊಂದು ಮರಿ. ಮಳೆ ಹಿಡಿಯುವ ಮೊದಲು ಇನ್ನೊಂದೇ ಸುತ್ತು. ಅದೂ ತಪ್ಪಿದರೆ ಮರಿಗಳು ಉಳಿಯುವುದು ಅನುಮಾನ. ಕ್ಷಮೆ ಕೇಳಲು ಹೋದವನು ತಾಯಿ ಕ್ಲಾಸು, ಮಕ್ಕಳ ಕ್ಲಾಸು ಎಂದು ಪಾಠ ಶುರು ಮಾಡಿದೆ. ಅಜ್ಜಿ ಮರಿಗಳ ಬೆನ್ನಿಗೆ ತಮ್ಮ ಮಂದೆಯ ಗುರುತಿನ ಕೆಂಪು ಬಣ್ಣ ಬಳಿಯುತ್ತಿದ್ದರು.

"ತಾಯಿಗೆ ಹಚ್ಚಿದ್ದು ಮರಿಗೆ ಬತ್ತದೇನಪ್ಪಾ? ಒಂದೊಂದಕ್ಕೂ ಹಚ್ಬೇಕು."

ಮೂರು ಕ್ಲಾಸಿಗೆ ಮೂರು ಸಾಲು, ಅಷ್ಟೇ ಕೆಲಸ. ಆದರೆ ನಾನು ಸುಮ್ಮನಿರುವ ಆಸಾಮಿಯಲ್ಲ. ಕೊರತೆ ಫ್ರೇಮ್‌ವರ್ಕಿನದು, ಅದನ್ನೇ ಸರಿಮಾಡುತ್ತೇನೆ ಎಂದು ಹೊರಟೆ. ಅದನ್ನು ನೋಡಿಕೊಳ್ಳುವ, ಯಾವುದೋ ದೇಶದಲ್ಲಿರುವ ಪುಣ್ಯಾತ್ಮರು ತಿದ್ದಿದ್ದು ಸರಿಯೆಂದು ತೋರಿಸುವ ಟೆಸ್ಟ್ ಎಲ್ಲಿ ಎಂದರು, ಬರೆದೆ. ಇಂಟರ್‌ಫೇಸ್ ಎಂಬ ಇನ್ನೊಂದು ಬಗೆಯ ತಾಯಿಯ ಮೇಲೆ ಹಾಕಿದ ಗುರುತಿಗೇನು ಗತಿ ಎಂದರು, ಅದನ್ನೂ ಸೇರಿಸಿದೆ. ವಾರಗಟ್ಟಲೆ ಹೆಣಗಿದ ಮೇಲೆ ನನ್ನ ತಿದ್ದುಪಡಿ ಒಪ್ಪಿ ಫ್ರೇಮ್‌ವರ್ಕಿನ ಹೊಸ ಆವೃತ್ತಿಗೆ ಸೇರಿಸಿಕೊಂಡರು. ಬೀದಿಗೆಲ್ಲ ಮೈಸೂರುಪಾಕು ಹಂಚಿದೆ. ಹೆಣ್ಣೋ ಗಂಡೋ ಎಂದು ಪಕ್ಕದ ಮನೆಯವರು ಕೇಳಿದರು.

ಲಸಿಕೆಯ ದಿನ ಬೆಳಿಗ್ಗೆ ಉಳಿದ ಮೈಸೂರುಪಾಕು ಹಿಡಿದು ಯಗಟಿಗೆ ಹೋದರೆ, ಅಜ್ಜಿ ಕುರಿಗಳನ್ನು ಹೊಲಕ್ಕೆ ಬಿಟ್ಟುಕೊಂಡು ಕೂತಿದ್ದರು. ಲಸಿಕೆ ಇವತ್ತಾ ಎಂದು ನನ್ನನ್ನೇ ಕೇಳಿದರು. ಆಗ ಹೊಳೆಯಿತು: ಲೋಕಕ್ಕೆಲ್ಲ ಸರಿಮಾಡಿಕೊಟ್ಟವನು ನನ್ನ ಪ್ರೋಗ್ರಾಮನ್ನು ಫ್ರೇಮ್‌ವರ್ಕಿನ ಹಳೆಯ ಆವೃತ್ತಿಯ ಮೇಲೆಯೇ ಬಿಟ್ಟಿದ್ದೆ. ನಾಚಿಕೆಯಿಂದ ಸತ್ತೇಹೋದೆ. ಅದಕ್ಕೂ ಅಜ್ಜಿ ಪುರುಸೊತ್ತು ಕೊಡಲಿಲ್ಲ, ಮರಿಗಳನ್ನು ಅಟ್ಟಿಕೊಂಡು ಬಾ ಎಂದರು. ಉಳಿದ ಮನೆಗಳಿಗೆ ಫೋನಿನಲ್ಲಿ ಕೂಗಿ ಹೇಳುತ್ತಾ, ಜಾಲಿ ಮುಳ್ಳಿಗೆ ಪ್ಯಾಂಟು ಹರಿದುಕೊಂಡು ಮರಿಗಳ ಹಿಂದೆ ಓಡಿದೆ. ಲಸಿಕೆ ಹಾಕಲು ಬಂದಿದ್ದ ಡಾಕ್ಟರು ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಹನ್ನೊಂದೂ ಬಂದು ನಿಂತು ಲಸಿಕೆ ಹಾಕಿಸಿಕೊಂಡವು.

"ಮುಂದಿನ್ ಸಲ ಮೆಸೇಜ್ ಬ್ಯಾಡ ಕಣಪ್ಪ," ಎಂದರು ಅಜ್ಜಿ. "ನೀನೇ ಬಂದ್ಬಿಡು."

ವಾಪಸು ಬರುವಾಗ ಬಸ್ಸಿನಲ್ಲೇ ಆ ಮೂರು ಸಾಲು ಬರೆದೆ. ಕಡೂರು ಬರುವ ಮೊದಲೇ ಮುಗಿಯಿತು. ಮೆಸೇಜು ಈಗ ಸರಿಯಾಗಿ ಹೋಗುತ್ತದೆ. ಆದರೂ ಹಿಂದಿನ ದಿನ ನಾನೇ ಯಗಟಿಗೆ ಹೋಗಿ ಅಜ್ಜಿಗೆ ಹೇಳಿ ಬರುತ್ತೇನೆ.