ಹನ್ನೊಂದು ದಿನ ತೇಲಿದ ದೋಣಿ

ಲಾಕ್‌ಡೌನ್ ಮುಗಿದ ಮರುವರ್ಷ. ಯಲಹಂಕದ ಒಂದು ಫೈಬರ್ ಕಾರ್ಖಾನೆಯಲ್ಲಿ ನಾನು ಫೋರ್‌ಮನ್ ಆಗಿದ್ದೆ. ಹಾವೇರಿ ಕಡೆಯಿಂದ ಬಂದು ಅದೇ ಷೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ಕಳೆದಿದ್ದೆ. ನೀರಿನ ಟ್ಯಾಂಕು, ಬಸ್ಸಿನ ಸೀಟು, ಬಚ್ಚಲುಮನೆ ಬಾಗಿಲು, ಶಾಲೆಗಳ ಜಾರುಬಂಡೆ ನಮ್ಮ ಮಾಲು. ಗಾಜಿನ ನಾರಿನ ಮ್ಯಾಟ್ ಹಾಸುವುದು, ಹಾರ್ಡನರ್ ಬೆರೆಸಿದ ರೆಸಿನ್ ಎಂಬ ಅಂಟುದ್ರವವನ್ನು ಅದಕ್ಕೆ ಕುಡಿಸುವುದು, ಗಟ್ಟಿಯಾದ ಮೇಲೆ ಇನ್ನೊಂದು ಪದರ ಕಟ್ಟುವುದು, ಕೆಲಸವೆಲ್ಲ ಇಷ್ಟೇ. ದೋಣಿಯನ್ನು ಮಾತ್ರ ನಾನು ಎಂದೂ ಮುಟ್ಟಿರಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಗೂಡ್ಸ್ ಆಟೋದಲ್ಲಿ ಹನ್ನೆರಡು ಅಡಿಯ ಹಳೇ ದೋಣಿಯೊಂದು ಬಂತು. ಎಲ್ಲೋ ಬೋಟಿಂಗ್ ನಿಂತುಹೋಗಿ ಗುಜರಿ ಸೇರಿದ್ದ ದೋಣಿ. ತಂದವರು ಹುಣಸಮಾರನಹಳ್ಳಿ ಕಡೆಯ ಮುನಿಕೃಷ್ಣಪ್ಪ ಮತ್ತು ಅವರ ಹೆಂಡತಿ ರತ್ನಮ್ಮ. ಇಬ್ಬರೂ ಅಲ್ಲಿನ ಕೆರೆಯಲ್ಲಿ ಟೆಂಡರ್ ಹಿಡಿದು ಮೀನು ಹಿಡಿಯುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಮುನಿಕೃಷ್ಣಪ್ಪನವರ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಬುಟ್ಟಿಯಂಥ ದುಂಡನೆಯ ತೆಪ್ಪದಲ್ಲಿ ಕುಕ್ಕರುಗಾಲಿನಲ್ಲಿ ಕೂತು ತೂಕ ಹಿಡಿಯಬೇಕು. ಕೃತಕ ಕಾಲಿನಲ್ಲಿ ಅದು ಆಗದ ಮಾತು. ಒಂದೂವರೆ ವರ್ಷದಿಂದ ರತ್ನಮ್ಮ ಒಬ್ಬರೇ ಬಲೆ ಬಿಡುತ್ತಿದ್ದರು. ಇವರು ದಂಡೆಯಲ್ಲಿ ಕೂತು ನೋಡುತ್ತಿದ್ದರು.

"ಒಂದು ಸೀಟು ಆಕ್ಕೊಡಿ ಮೇಸ್ತ್ರಿ, ಸಾಕು. ಕುಂತ್ಕಂಡು ಬಲೆ ಬಿಡ್ತೀನಿ. ದಂಡೆ ಮ್ಯಾಲೆ ಕುಂತು ಕುಂತು ತಲೆ ಕೆಟ್ಟೋಗದೆ" ಎಂದರು ಅವರು.

ಫೈಬರ್ ಚೆನ್ನಾಗಿದೆಯೇ ಎಂದು ತಿಳಿಯಲು ಮರದ ಸುತ್ತಿಗೆಯಿಂದ ಬಡಿದು ನೋಡುತ್ತೇವೆ. ಗಟ್ಟಿ ಇದ್ದರೆ 'ಟಣ್' ಎನ್ನುತ್ತದೆ, ಒಳಗೆ ಪದರ ಬಿಟ್ಟಿದ್ದರೆ 'ದಬ್' ಎನ್ನುತ್ತದೆ. ತಳದ ಅರ್ಧಭಾಗ ದಬ್ ಎಂದಿತು. ಆಗಲ್ಲ ಎಂದು ಹೇಳಬೇಕಾಗಿದ್ದ ಗಳಿಗೆ ಅದು. ಅವರ ಮುಖ ನೋಡಿ "ನೋಡೋಣ್ರಿ" ಎಂದುಬಿಟ್ಟೆ.

ಕತ್ತರಿಸಿ ಉಳಿದ ಮ್ಯಾಟ್ ಬಳಸಲು ಕಾರ್ಖಾನೆಯ ಮಾಲೀಕರು ಒಪ್ಪಿದರು. ದಿನದ ಕೆಲಸ ಮುಗಿದ ಮೇಲೆ ಒಂದೊಂದು ಗಂಟೆ ದೋಣಿಗೆ ಕೊಡುತ್ತಿದ್ದೆ. ದೋಣಿಯ ನೆಲ ಕತ್ತರಿಸಿದಾಗ ಕೆಳಗಿನ ಫೋಮ್ ನೆನೆದ ಬನ್ನಿನಂತೆ ಕೈಗೆ ಬಂತು. ಬಲಕ್ಕೆಂದು ಕೂರಿಸಿದ್ದ ಮರದ ಪಟ್ಟಿಗಳು ಕಾಫಿಪುಡಿಯಾಗಿದ್ದವು. ಹೊಸ ಮರದ ಬದಲು ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಕವುಚಿಟ್ಟು, ಮೇಲೆ ಮ್ಯಾಟ್ ಹಾಸಿ ಪಕ್ಕೆಲುಬು ಕಟ್ಟಿದೆ. ಬಸ್ಸಿನ ಸೀಟಿನ ಅಚ್ಚಿನಲ್ಲೇ ಒರಗುವ ಸೀಟು ತೆಗೆದೆ. ಕೃತಕ ಕಾಲು ಜಾರದಿರಲೆಂದು ಪಾದಕ್ಕೊಂದು ಗೂಡು, ಅದನ್ನು ಬಿಗಿಹಿಡಿಯಲು ಮೇಲೊಂದು ಬೆಲ್ಟಿನ ಪಟ್ಟಿ. ಆ ಪಟ್ಟಿ ನನ್ನದೇ ಯೋಚನೆ. ಮುನಿಕೃಷ್ಣಪ್ಪ ದಿನಾ ಬಸ್ಸಿನಲ್ಲಿ ಬಂದು, ಡಬ್ಬದ ಮೇಲೆ ಕೂತು ಅಂಚುಗಳಿಗೆ ಉಪ್ಪುಕಾಗದ ಉಜ್ಜುತ್ತಿದ್ದರು.

ತಳದಲ್ಲಿ ಬಿಟ್ಟಿದ್ದ ಪದರ ಕಿತ್ತು ಹೊಸದು ಹಾಕುವುದು ಉಳಿದಿತ್ತು, ಆದರೆ ನವೆಂಬರ್ ಪೂರ್ತಿ ಮಳೆ. ಒದ್ದೆಯ ಮೇಲೆ ರೆಸಿನ್ ಕೂರುವುದಿಲ್ಲ. ಹಳೇ ಪದರ ಒಣಗಿದೆಯೇ ಎಂದು ತಿಳಿಯಲು ಪ್ಲಾಸ್ಟಿಕ್ ಹಾಳೆಯನ್ನು ಟೇಪಿನಿಂದ ಅಂಟಿಸಿ ಒಂದು ದಿನ ಬಿಡುತ್ತೇವೆ. ಒಳಗೆ ನೀರಿದ್ದರೆ ಹಾಳೆಯ ಅಡಿ ಹನಿಗಟ್ಟುತ್ತದೆ. ಮೂರು ಸಲ ಹನಿಗಟ್ಟಿತು, ಮೂರು ಸಲ ಕೆಲಸ ಮುಂದೂಡಿದೆ. ಆಗ ರತ್ನಮ್ಮ ಬಂದರು.

"ಟೆಂಡರ್ ಬರೋ ತಿಂಗ್ಳಿಗೆ ಕೊನೆ ಮೇಸ್ತ್ರಿ. ಆಮ್ಯಾಕೆ ಕೆರೆ ಬೇರೇರ್ದು. ಒಂದ್ಸಲಾನಾದ್ರೂ ಇವ್ರು ಇಳೀಲಿ."

ನಾಲ್ಕನೆಯ ಸಲ ಹಾಳೆ ಎತ್ತಿದಾಗ ಹಿಂಬದಿಯ ಮೂಲೆಯಲ್ಲಿ ಮಾತ್ರ ಆರೇಳು ಹನಿಗಳಿದ್ದವು. ಇಬ್ಬನಿ ಇರಬೇಕು ಎಂದುಕೊಂಡು ಬಟ್ಟೆಯಿಂದ ಒರೆಸಿದೆ. ಹಾಳೆಯ ಒಳಗೆ ಇಬ್ಬನಿ ಬೀಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಂದೇ ಮೂರು ಪದರ ಹಾಕಿ ಮುಗಿಸಿದೆ.

ದೋಣಿ ಡಿಸೆಂಬರ್ ಮೊದಲ ವಾರ ಕೆರೆಗಿಳಿಯಿತು. ಮುನಿಕೃಷ್ಣಪ್ಪ ಮೊದಲ ದಿನ ಬಲೆಯನ್ನೇ ಬಿಡಲಿಲ್ಲ, ಹುಟ್ಟು ಹಾಕುತ್ತ ಕೆರೆ ಸುತ್ತಿ ಬಂದರು. ಆಮೇಲೆ ಹತ್ತು ದಿನ ಗಂಡ ಹೆಂಡತಿ ಜೊತೆಯಾಗಿ ಮೀನು ಹಿಡಿದರು, ಇವರು ದೋಣಿಯಲ್ಲಿ, ಅವರು ತೆಪ್ಪದಲ್ಲಿ. ಹನ್ನೆರಡನೆಯ ದಿನ ಬೆಳಿಗ್ಗೆ, ಕೆರೆಯ ನಡುವೆ, ಹಿಂಬದಿಯ ಪದರ ಕಿತ್ತುಬಂತು. ನೀರು ನುಗ್ಗಿ ದೋಣಿ ಒಂದು ಪಕ್ಕಕ್ಕೆ ವಾಲಿತು. ಅವರಿಗೆ ಈಜು ಬರುತ್ತಿತ್ತು. ಆದರೆ ಕಾಲು ನಾನು ಮಾಡಿದ ಪಟ್ಟಿಯಲ್ಲಿ ಸಿಕ್ಕಿಕೊಂಡಿತ್ತು. ರತ್ನಮ್ಮ ತೆಪ್ಪದಿಂದ ಹಾರಿ, ನೀರಿನೊಳಗೆ ತಡಕಾಡಿ ಕೃತಕ ಕಾಲನ್ನೇ ಬಿಚ್ಚಿ ಗಂಡನನ್ನು ಎಳೆದು ತಂದರು.

ಜೀವ ಉಳಿಯಿತು. ಆ ಎಳೆದಾಟದಲ್ಲಿ ಮೊಂಡುಗಾಲು ತರಚಿತ್ತು. ಕೆರೆಯ ನೀರು ಸೇರಿ ಗಾಯ ಕೀವಾಯಿತು, ಸಕ್ಕರೆ ಕಾಯಿಲೆಯಲ್ಲಿ ಮಾಯಲಿಲ್ಲ. ಫೆಬ್ರವರಿಯಲ್ಲಿ ಮೊಣಕಾಲಿನ ಮೇಲಕ್ಕೆ ಮತ್ತೊಮ್ಮೆ ಕತ್ತರಿಸಿದರು. ಅಷ್ಟರಲ್ಲಿ ಕೆರೆ ಬೇರೆಯವರ ಪಾಲಾಗಿತ್ತು.

ಮನೆಗೆ ನೋಡಲು ಹೋದಾಗ ಮುನಿಕೃಷ್ಣಪ್ಪ ನನ್ನನ್ನೇ ಸಮಾಧಾನಪಡಿಸಿದರು. "ನೀವೇನ್ ಮಾಡ್ತೀರಾ ಮೇಸ್ತ್ರಿ. ಅಳೇ ದೋಣಿ, ಇಂಗಾಯ್ತು."

ತಡೆಯಲಾಗಲಿಲ್ಲ. "ಹಿಂದಿನ ಮೂಲಿ ಒಣಗಿರ್ಲಿಲ್ರಿ. ನನಗ ಗೊತ್ತಿತ್ತು" ಎಂದೆ.

"ಗೊತ್ತಿತ್ತಾ?" ಎಂದರು. ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಹೊರಡುವವರೆಗೂ ಈ ಕಡೆ ತಿರುಗಲಿಲ್ಲ.

ಕೆರೆಯಿಂದ ಎಳೆದು ತಂದಿದ್ದ ದೋಣಿ ಅವರ ಅಂಗಳದಲ್ಲೇ ಇತ್ತು. ಬಾಗಿಲ ತನಕ ಬಂದ ರತ್ನಮ್ಮ ಹೇಳಿದರು, "ದಿನಾ ಕಿಟಕೀಲಿ ಅದನ್ನೇ ನೋಡ್ಕಂಡಿರ್ತಾರೆ. ಮರದ್ದಾಗಿದ್ರೆ ಒಲೆಗಾದ್ರೂ ಆಗ್ತಿತ್ತು. ಇದು ಸುಡಂಗಿಲ್ಲ, ಮಣ್ಣಾಗಂಗಿಲ್ಲ. ನೀವೇ ಬಂದು ಕಡಿದು ತಗಂಡೋಗಿ."

ಮುಂದಿನ ಭಾನುವಾರ ಕಟ್ಟರ್ ಮೆಷಿನ್ ಒಯ್ದು ದೋಣಿಯನ್ನು ಒಂಬತ್ತು ತುಂಡು ಮಾಡಿದೆ. ಮುಂಭಾಗದ ಪದರಗಳು ಚೆನ್ನಾಗಿ ಕೂತಿದ್ದವು, ಕತ್ತರಿಸಲು ಕಷ್ಟವಾಯಿತು. ಕೆಲಸ ಮುಗಿಯುವವರೆಗೂ ಕಿಟಕಿ ಮುಚ್ಚಿಯೇ ಇತ್ತು.

ಆಮೇಲೂ ಎರಡು ವರ್ಷ ಕೆಲಸದಲ್ಲಿದ್ದೆ. ಕನಿಕರಪಟ್ಟು ಒಪ್ಪಿಕೊಂಡ ಕೆಲಸಕ್ಕೆ ಕನಿಕರವಿಲ್ಲದ ಪರೀಕ್ಷೆ ಬೇಕು ಎಂದು ಆಗ ಕಲಿತೆ. ಒಬ್ಬರ ಆಸೆ ಮುರಿಯಲು ಅಂಜಿ 'ನೋಡೋಣ' ಎಂದವನು ನಾನು. ಆ ಅಂಜಿಕೆಗೆ ನಾನು ಬೆಲೆ ತೆರಲಿಲ್ಲ. ಅವರು ತೆತ್ತರು.