ಸೊನ್ನೆ ಬರೆದ ಬೋಟುಗಳು

ಬರಗಾಲದ ಆ ವರ್ಷ ಔರಾದದ ನಮ್ಮ ಓಣಿಯ ಗಂಡಸರೆಲ್ಲ ಪುಣೆ, ಹೈದರಾಬಾದ್ ಅಂತ ದುಡಿಯಲು ಹೋದರು. ಕೆರೆಯಲ್ಲೂ ಈಜು ಬಾರದ ನನ್ನ ತಮ್ಮ ಸಮುದ್ರಕ್ಕೆ ಹೋದ. ಉದ್ದ ಹಗ್ಗಕ್ಕೆ ಸಾಲಾಗಿ ಗಾಳ ಕಟ್ಟಿ ಮೀನು ಹಿಡಿಯುವ ಬೋಟಿನಲ್ಲಿ ಕೆಲಸ. ಆ ಕೆಲಸದ ಸುದ್ದಿ ಕೊಟ್ಟವಳು ನಾನೇ. ಬೀದರಿನ ಬಾಡಿಗೆ ಕೋಣೆಯಲ್ಲಿ ಕೂತು ಅಂಥದೇ ಬೋಟುಗಳ ಅಂಕಿಗಳನ್ನು ಕಂಪ್ಯೂಟರಿಗೆ ಹಾಕುವುದು ನನ್ನ ನೌಕರಿ.

ಸಾವಿರ ಗಾಳಕ್ಕೆ ಎಷ್ಟು ಶಾರ್ಕ್ ಬೀಳುತ್ತವೆಂದು ನಾನು ಅಂದಾಜು ಕಟ್ಟಬೇಕಿತ್ತು. ಎಣಿಸಲೆಂದೇ ಒಬ್ಬ ಜೊತೆಗೆ ಹೋದ ಬೋಟುಗಳಲ್ಲಿ ಶಾರ್ಕ್ ಇದ್ದೇ ಇರುತ್ತಿದ್ದವು. ಅವನಿಲ್ಲದ ಬೋಟುಗಳವರು ತಾವೇ ಬರೆದು ಕಳಿಸಿದ ಲೆಕ್ಕದಲ್ಲಿ ಬರೀ ಸೊನ್ನೆ. ಅದೇ ನೀರು, ಅದೇ ಗಾಳ! ಈ ಸೊನ್ನೆಗಳನ್ನು ನಂಬಬೇಕೋ ಬಿಡಬೇಕೋ ಎಂದು ತಲೆ ಕೆಟ್ಟುಹೋಗುತ್ತಿತ್ತು. ತಮ್ಮನ ಬೋಟೂ ಸೊನ್ನೆಯದೇ. ಕೂತಲ್ಲಿ ಕೂರಲಾಗದೆ ಎದ್ದು ಚಹಾ ಕುದಿಸಿ, ಅದನ್ನು ಕುಡಿಯದೆ ಮತ್ತೆ ಬಂದು ಕೂರುತ್ತಿದ್ದೆ.

ಬಂದರಿಗೆ ಬಂದಾಗಲೆಲ್ಲ ಅವನು ಫೋನ್ ಮಾಡುತ್ತಿದ್ದ.

“ಶಾರ್ಕ್ ಬೀಳ್ತಾವೇನೋ?”

“ಒಂದೂ ಇಲ್ಲ ಬಿಡಕ್ಕಾ. ಆರಾಮ ಇದ್ದೇನಿ. ಅವ್ವಗ ಹೇಳು.”

ಹೊರಗೆ ದುಡಿಯಲು ಹೋದ ನಮ್ಮೂರಿನವರು ಮನೆಗೆ ಹೇಳುವುದು ಇದೊಂದೇ ಮಾತು. ತಲೆ ಒಡೆದಿದ್ದರೂ ಆರಾಮ. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಆದರೂ ಅವ್ವನಿಗೆ ಅದನ್ನೇ ದಾಟಿಸುತ್ತಿದ್ದೆ.

ಅವನು ಊರಿಗೆ ಬಂದ ದಿನ ಭಾಲ್ಕಿ ಸ್ಟೇಷನ್ನಿಗೆ ಹೋಗಿ, ಬಸ್ಸಿನಲ್ಲಿ ಮನೆಗೆ ಕರೆತಂದೆ. ದಾರಿಯುದ್ದಕ್ಕೂ ಬಲಗೈ ಟವೆಲ್ಲಿನೊಳಗೇ ಇತ್ತು. ಯಾಕೋ ಅಂದರೆ ನಕ್ಕು ಕಿಟಕಿಯಾಚೆ ನೋಡಿದ. ಮನೆಯಲ್ಲಿ ಅವ್ವ ಬಿಸಿ ರೊಟ್ಟಿ ಬಡಿಸಿದಳು. ಅವನು ಎಡಗೈ ಚಾಚಿದ.

“ಎಡಗೈಲಿ ಉಣ್ತಿ? ಸಮುದ್ರಕ್ಕ ಹೋಗಿ ರೀತಿನೂ ಮರ್ತಿ ಏನು?” ಅವ್ವ ಗದರಿದಳು.

ಅವನು ಟವೆಲ್ ಸರಿಸಿದ. ಅಂಗೈಗೆ ಅಡ್ಡಲಾಗಿ ಹೊಲಿಗೆ. ಎರಡು ಬೆರಳು ಮಡಚುತ್ತಿರಲಿಲ್ಲ.

“ಶಾರ್ಕ್ ಜಗ್ತು. ಹಗ್ಗ ಕೈ ಕೊಯ್ತು. ಕಡೀಕ ಹಗ್ಗಾನೇ ಕತ್ತರಿಸಿ ಬಿಟ್ವಿ. ಬೋಟಿನೊಳಗ ಬರ್ಲಿಲ್ಲಲ್ಲಕ್ಕಾ, ಅದಕ್ಕ ಲೆಕ್ಕದಾಗ ಬರ್ಸಂಗಿಲ್ಲ.”

“ಇದೊಂದೇ ಸಲನೋ?”

“ದಿನಾ ಇರ್ತದ.”

ನನ್ನ ಸೊನ್ನೆಗಳೆಲ್ಲ ಆ ಅಂಗೈಯಲ್ಲಿದ್ದವು. ಅವ್ವ ಅಳಲಿಲ್ಲ. ರೊಟ್ಟಿ ಮುರಿದು ಬ್ಯಾಳಿಯಲ್ಲಿ ಅದ್ದಿ ಅವನ ಬಾಯಿಗಿಟ್ಟಳು. ಇನ್ನೊಂದು ತುತ್ತು ಮುರಿದವಳು ಕೈ ಹಾಗೇ ನಿಲ್ಲಿಸಿ, ಬಾಗಿಲಾಚೆ ಓಣಿಯ ಕಡೆ ನೋಡಿದಳು.

“ಈ ಓಣಿಯವರ ಮಕ್ಕಳೂ ಎಲ್ಲಾರೂ ಆರಾಮ ಅಂತಾರ,” ಅಂದಳು. “ಅವರ ಕೈ ಯಾರು ನೋಡ್ಯಾರ?”