ಬಡಿಸಿದ ದಿನದ ಸಂಬಳ

ಯಲ್ಲಾಪುರ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನಂದನ ಭಟ್ಟನು ಮದುವೆಮನೆಗಳಲ್ಲಿ ಹುಳಿಯ ಬಕೆಟ್ಟು ಹಿಡಿದು ಓಡಾಡಿ ಕಾಲೇಜು ಓದಿದವನೆಂದರೆ ಈಗಿನವರು ಸುಲಭವಾಗಿ ನಂಬುವುದಿಲ್ಲ. ಅವನು ಅದನ್ನು ಮುಚ್ಚಿಟ್ಟವನಲ್ಲ. ಯಾರೂ ಕೇಳುವುದಿಲ್ಲ, ಅಷ್ಟೇ.

ಅವನ ತಂದೆ ಸಿದ್ದಾಪುರದ ಹತ್ತಿರ ಸಣ್ಣದೊಂದು ದೇವಸ್ಥಾನದ ಪೂಜೆ ಮಾಡಿಕೊಂಡಿದ್ದರು. ಆ ಮನೆಯಲ್ಲಿ ಅಕ್ಕಿಗೆ ಕೊರತೆಯಿರಲಿಲ್ಲ. ನಗದಿಗೆ ಮಾತ್ರ ಯಾವಾಗಲೂ ಪರದಾಟ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದದ್ದರಿಂದ ನಂದನ ಶಿರಸಿಗೆ ಬಂದು ಬಿ.ಎಸ್‌ಸಿ. ಸೇರಿದ. ಉಚಿತ ವಿದ್ಯಾರ್ಥಿನಿಲಯದಲ್ಲಿ ಊಟ, ವಸತಿ ಸಿಕ್ಕಿತು. ವಿದ್ಯಾರ್ಥಿವೇತನವೂ ಮಂಜೂರಾಗಿತ್ತು. ಆದರೆ ಪರೀಕ್ಷೆ ಮುಗಿದು ಹುಡುಗರೆಲ್ಲ ಊರಿಗೆ ಹೋದ ಮೇಲೆ ಬರುವ ಹಣ ಅದು. ಪುಸ್ತಕಕ್ಕೆ, ಪರೀಕ್ಷಾ ಶುಲ್ಕಕ್ಕೆ ಅದನ್ನು ಕಾಯುತ್ತ ಕೂರುವಂತಿರಲಿಲ್ಲ. ಅಂಥ ಹೊತ್ತಿನಲ್ಲಿ ಅವನಿಗೆ ಸುಬ್ರಾಯ ಭಟ್ಟರ ಪರಿಚಯವಾಯಿತು.

ಸುಬ್ರಾಯ ಭಟ್ಟರು ಮದುವೆ, ಮುಂಜಿಗಳ ಅಡಿಗೆಯನ್ನು ಗುತ್ತಿಗೆ ಹಿಡಿಯುವವರು. ಹಿಂದೆ ಈ ಸೀಮೆಯಲ್ಲಿ ಬಡಿಸುವುದೆಂದರೆ ನೆಂಟರಿಷ್ಟರ ಕೆಲಸ. ಗಂಡಸರು ಪಂಚೆ ಎತ್ತಿ ಕಟ್ಟಿ, ಸೊಂಟಕ್ಕೆ ವಸ್ತ್ರ ಬಿಗಿದು ಪಂಕ್ತಿಗೆ ಇಳಿಯುತ್ತಿದ್ದರು. ಅದಕ್ಕೆ ಹಣ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಮದುವೆಗಳು ಕಲ್ಯಾಣ ಮಂಟಪಕ್ಕೆ ಬಂದ ಮೇಲೆ ನೆಂಟರು ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರತೊಡಗಿದರು. ಬಡಿಸುವುದಕ್ಕೆ ಸಂಬಳದ ಹುಡುಗರು ಬಂದರು. ಗುರುತಿಗೆಂದು ಭಟ್ಟರು ಅವರಿಗೆಲ್ಲ ಹಳದಿ ವಸ್ತ್ರ ಕೊಡುತ್ತಿದ್ದರು.

“ತಮಾ, ಇನ್ನೆರಡು ಜಿಲೇಬಿ ಹಾಕು. ನಿನ್ನ ಅಪ್ಪಯ್ಯನ ಮನೇದಲ್ಲ ಅದು!” ಎಂದು ಊಟಕ್ಕೆ ಕುಳಿತವರು ಕಿಚಾಯಿಸುತ್ತಿದ್ದರು. ನಂದನ ನಕ್ಕು ಮೂರು ಹಾಕುತ್ತಿದ್ದ.

ಹೀಗೆ ಪದವಿ ಮುಗಿಯಿತು. ೨೦೦೩ರಲ್ಲಿ ಧಾರವಾಡದ ಖಾಸಗಿ ಕಾಲೇಜೊಂದರಲ್ಲಿ ಬಿ.ಎಡ್. ಸೀಟು ಸಿಕ್ಕಿತು. ಪ್ರವೇಶದ ಕೆಲಸ ಎಳೆದು ಎಳೆದು ಡಿಸೆಂಬರಿಗೆ ಬಂದಿತ್ತು; ತಿಂಗಳ ಕೊನೆಯೊಳಗೆ ಶುಲ್ಕ ಕಟ್ಟದಿದ್ದರೆ ಸೀಟು ಕೈತಪ್ಪುತ್ತಿತ್ತು. ಇಷ್ಟು ದೊಡ್ಡ ಮೊತ್ತ ಬಡಿಸಿ ಹುಟ್ಟುವಂಥದ್ದಲ್ಲ. ಅವನು ಶೈಕ್ಷಣಿಕ ಸಾಲ ಕೇಳಲು ಬ್ಯಾಂಕಿಗೆ ಹೋದ.

ಹಾವೇರಿ ಕಡೆಯ ಮ್ಯಾನೇಜರು ಅಂಕಪಟ್ಟಿ ನೋಡಿ ಮೆಚ್ಚಿದರು. “ಶಾಣ್ಯಾ ಅದೀಯಪ್ಪ. ಆದ್ರ ಜಾಮೀನಿಗೆ ಹೊಲ, ತ್ವಾಟ ಇದ್ದವ್ರು ಒಬ್ರು ಸಹಿ ಹಾಕ್ಬೇಕು. ಯಾರರ ಅದಾರೇನು?”

ನಂದನನಿಗೆ ಇದ್ದವನು ಒಬ್ಬನೇ, ವಾನಳ್ಳಿಯ ಸೋದರಮಾವ ವೆಂಕಟ್ರಮಣ ಹೆಗಡೆ. ಹೋಗಿ ಕೇಳಿದಾಗ ಮಾವ ಆಗದು ಎನ್ನಲಿಲ್ಲ. “ನಮಿತಂದು ಮದುವೆ ಗದ್ದಲ ಮುಗೀಲಿ ತಮಾ, ಆಮೇಲೆ ನೋಡನ” ಎಂದ. ನಮಿತಾ ಮಾವನ ಮಗಳು. ಮದುವೆ ಶಿರಸಿಯ ಮಂಟಪದಲ್ಲಿ. ಅಡಿಗೆಯ ಗುತ್ತಿಗೆ ಸುಬ್ರಾಯ ಭಟ್ಟರದೇ.

ಮದುವೆಯ ಬೆಳಿಗ್ಗೆ ಭಟ್ಟರ ಕಡೆಯ ಇಬ್ಬರು ಹುಡುಗರು ಬಂದಿರಲಿಲ್ಲ. ನಂಬಿದವರ ಕೈ ಬಿಡುವುದು ನಂದನನಿಗೆ ಸರಿ ಕಾಣಲಿಲ್ಲ. ಎಂದಿನಂತೆ ಭಟ್ಟರ ಟೆಂಪೋ ಹತ್ತಿ ಬಂದ. ಮಂಟಪದ ಬಾಗಿಲಿಗೆ ಬಂದಾಗ ಮಾತ್ರ ಸಂಕೋಚವಾಯಿತು. ಸೋದರಳಿಯನಾಗಿ ಮಾವನ ಮಗಳ ಮದುವೆಯಲ್ಲಿ ಕೂಲಿಗೆ ಬಡಿಸುವುದೇ? ಹಳದಿ ವಸ್ತ್ರ ಬಿಚ್ಚಿಟ್ಟು ತನ್ನದೇ ಬಿಳಿ ವಸ್ತ್ರ ಸೊಂಟಕ್ಕೆ ಬಿಗಿದ. “ಭಟ್ರೇ, ಇವತ್ತು ಯನ್ನ ಸಂಬಳ ಬೇಡ, ಲೆಕ್ಕಕ್ಕೆ ಹಿಡಿಯಡಿ. ಇದು ಮನೆ ಮದುವೆ” ಎಂದ. ಭಟ್ಟರಿಗೂ ಅದು ಸರಿಯೆನಿಸಿತು.

ಕೊನೆಯ ಪಂಕ್ತಿ ಎದ್ದ ಮೇಲೆ ಮಾವ ಭಟ್ಟರ ಲೆಕ್ಕ ಚುಕ್ತಾ ಮಾಡಲು ಕುಳಿತ. ಸ್ವಲ್ಪ ಹೊತ್ತಿಗೆ ನಂದನನನ್ನು ಕರೆಸಿದ.

“ಸಂಬಳ ಎಂತಕ್ಕೆ ಬೇಡ ಹೇಳಿದ್ಯಡ?”

“ನಮ್ಮನೆ ಮದುವೆ ಅಲ್ದಾ ಮಾವಾ?”

“ಮನೆಯವ ಆಗಿದ್ರೆ ಮನೆಯವ್ರ ಸಂಗಡ ಬರಕಾಗಿತ್ತು. ನೀ ಬಂದಿದ್ದು ಭಟ್ಟನ ಟೆಂಪೋದಲ್ಲಿ. ಇವತ್ತು ಸಂಬಳ ಬಿಡೋದು, ನಾಳೆ ಸಹಿ ಕೇಳೋದು. ಬಡಿಸಿದ್ದಕ್ಕೂ ಸಹಿಗೂ ಸರಿಗೆ ಸರಿ ಹೇಳಿ ಲೆಕ್ಕವನಾ?”

“ಹಾಂಗಲ್ಲ ಮಾವಾ…”

“ಸಹಿ ಗಿಹಿ ಎಂತದೂ ಇಲ್ಲೆ. ಹೋಗು.”

“ಮದುವೆ ದಿನ ಮಾಣಿಗೆ ಹಾಂಗೆ ಹೇಳ್ತ್ರಾ? ಊಟನೂ ಆಜಿಲ್ಲೆ ಅವಂದು” ಎಂದು ಅತ್ತೆ ಪರಿಮಳಾ ನಡುವೆ ಬಂದಳು. ಅಷ್ಟರಲ್ಲಿ ನಂದನ ಮೆಟ್ಟಿಲು ಇಳಿದಾಗಿತ್ತು.

ಸಿದ್ದಾಪುರದ ಬಸ್ಸಿನಲ್ಲಿ ಕುಳಿತವನಿಗೆ ಮೊದಲು ಬಂದದ್ದು ಸಿಟ್ಟು. ಪದ್ಧತಿಯಂತೆ ನಡೆದುಕೊಂಡದ್ದೇ ತಪ್ಪಾಯಿತೇ? ಮನೆಗೆ ಬಂದ ಮೇಲೂ ಎರಡು ದಿನ ಅದನ್ನೇ ತಿರುವಿ ಹಾಕಿದ. ಸಂಬಳ ಬೇಡವೆಂದ ಆ ಗಳಿಗೆಯಲ್ಲಿ ಮನಸ್ಸಿನ ಮೂಲೆಯಲ್ಲೆಲ್ಲೋ ಸಹಿಯ ನೆನಪು ಇರಲಿಲ್ಲವೇ? ಇತ್ತು. ಮಾವ ಸಂತೋಷಪಟ್ಟಾನು ಎಂಬ ಆಸೆಯೂ ಇತ್ತು. ತನಗೇ ಸರಿಯಾಗಿ ಕಾಣದ್ದು ಮಾವನಿಗೆ ಕಂಡುಬಿಟ್ಟಿತ್ತು. ಹಾಗೆಂದು ಒಪ್ಪಿಕೊಂಡ ಮೇಲೆ ಸಿಟ್ಟು ತಾನಾಗಿ ಇಳಿಯಿತು. ಉಳಿದದ್ದು ಒಂದೇ ದಾರಿ. ಅದು ಕ್ಷಮೆ ಕೇಳುವುದಕ್ಕಿಂತ ಕಷ್ಟದ್ದು.

ಮೂರನೆಯ ದಿನ ಅವನು ವಾನಳ್ಳಿಗೆ ಹೋದ. ಮಾವ ಜಗಲಿಯಲ್ಲಿ ಕವಳಕ್ಕೆ ಅಡಿಕೆ ಕತ್ತರಿಸುತ್ತ ಕುಳಿತಿದ್ದ, ತಲೆಯೆತ್ತಲಿಲ್ಲ. “ಬಾರೋ, ಆಸ್ರಿಗೆ ಎಂತ ಕುಡೀತೆ?” ಎಂದು ಅತ್ತೆ ಕೇಳಿ, ಬೆಲ್ಲ, ನೀರು ತಂದಿಟ್ಟಳು. ನಂದನ ಅದನ್ನು ಮುಟ್ಟದೆ ನಿಂತೇ ಹೇಳಿದ.

“ಮಾವಾ, ಮದುವೆ ದಿನದ ಯನ್ನ ಸಂಬಳ ಬಾಕಿ ಇದ್ದು.”

“ಶಿವನೇ! ಮಾವನ ಹತ್ರ ಸಂಬಳ ಕೇಳ್ತ್ಯನಾ?” ಅತ್ತೆ ಗಲ್ಲದ ಮೇಲೆ ಕೈಯಿಟ್ಟಳು.

ಅಡಕತ್ತರಿ ನಿಂತಿತು. “ಎಷ್ಟು?”

“ಉಳಿದ ಹುಡುಗ್ರಿಗೆ ಕೊಟ್ಟಷ್ಟೇ. ನೂರು.”

ಮಾವ ಒಳಗೆ ಹೋಗಿ ನೂರರ ನೋಟು ತಂದುಕೊಟ್ಟ. ಒಂದು ರೂಪಾಯಿಯನ್ನೂ ಹೆಚ್ಚಿಗೆ ಸೇರಿಸಲಿಲ್ಲ. ನಂದನ ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡ. ಕಿವಿಯವರೆಗೂ ಬಿಸಿಯೇರಿತ್ತು.

“ಕೂತ್ಕ” ಎಂದ ಮಾವ, ಕವಳ ಬಾಯಿಗೆ ಹಾಕಿಕೊಳ್ಳುತ್ತ. “ಈಗ ಸಾಲದ ಮಾತು ಹೇಳು. ಹ್ಯಾಂಗೆ ತೀರಸ್ತೆ?”

“ಕೆಲಸ ಸಿಕ್ಕಿದ ಮೇಲೆ ತಿಂಗ್ಳು ತಿಂಗ್ಳು.”

“ಸಿಗದಿದ್ರೆ?”

“ಸಿಗೋವರೆಗೆ ಬಡಿಸ್ತೆ.”

“ಯಾರ ಮನೇಲಿ?”

“ಯಾರ ಮನೇಲಾದ್ರೂ. ಸಂಬಳ ತಗಂಡೇ.”

ಬಾಯಲ್ಲಿದ್ದ ಕವಳ ಸಿಡಿಯುವಂತೆ ಮಾವ ನಕ್ಕ. “ನೋಡೇ, ನಿನ್ನ ಮಾಣಿ ಈಗ ಲೆಕ್ಕ ಕಲ್ತ” ಎಂದು ಹೆಂಡತಿಗೆ ಹೇಳಿ, ಪಹಣಿ ಪತ್ರ ಹುಡುಕಲು ಎದ್ದ.

ಮರುದಿನ ಇಬ್ಬರೂ ಬ್ಯಾಂಕಿನಲ್ಲಿದ್ದರು. “ಯಜಮಾನ್ರ, ಹುಡುಗ ಕಟ್ಟಲಿಲ್ಲಂದ್ರ ನಾವು ನಿಮ್ಮ ಮನೀಗೇ ಬರ್ತೇವಿ, ನೋಡ್ರಿ” ಎಂದರು ಮ್ಯಾನೇಜರು.

“ಅಗತ್ಯ ಬನ್ನಿ, ಊಟ ಮಾಡ್ಕೊಂಡೇ ಹೋಗಿ” ಎನ್ನುತ್ತ ಮಾವ ಸಹಿ ಹಾಕಿದ.

ಬ್ಯಾಂಕಿನವರು ವಾನಳ್ಳಿಯ ದಾರಿ ಹಿಡಿಯುವ ಪ್ರಸಂಗ ಬರಲಿಲ್ಲ. ಆದರೆ ಬಿ.ಎಡ್. ಮುಗಿದೊಡನೆ ಸರಕಾರಿ ಕೆಲಸವೂ ಬರಲಿಲ್ಲ. ಎರಡು ವರ್ಷ ಸಿದ್ದಾಪುರದ ಶಾಲೆಯೊಂದರಲ್ಲಿ ತಾತ್ಕಾಲಿಕ ಶಿಕ್ಷಕನಾಗಿ ದುಡಿದ. ಆ ಸಂಬಳ ಮನೆಗೇ ಸರಿಹೋಗುತ್ತಿತ್ತು. ಕಂತಿನ ದಿನ ಹತ್ತಿರ ಬಂದರೆ ರಜೆ ನೋಡಿ ಭಟ್ಟರ ಟೆಂಪೋ ಹತ್ತುತ್ತಿದ್ದ, ಹಳದಿ ವಸ್ತ್ರವನ್ನೇ ಕಟ್ಟಿಕೊಂಡು.

ಒಂದು ಭಾನುವಾರ, ಪಂಕ್ತಿಯ ನಡುವೆ, ಅವನದೇ ಎಂಟನೆಯ ತರಗತಿಯ ಮೇಧಾ ತಂದೆಯ ಪಕ್ಕದಲ್ಲಿ ಊಟಕ್ಕೆ ಕುಳಿತಿದ್ದಳು. ಬಕೆಟ್ಟು ಹಿಡಿದು ಬಂದವರ ಮುಖ ನೋಡಿ ಹುಡುಗಿ ಗಾಬರಿಯಾಗಿ, “ಸರ್!” ಎಂದು ಎದ್ದೇ ನಿಂತುಬಿಟ್ಟಳು.

“ಊಟದ ನಡುವೆ ಏಳಬಾರದು, ಕೂತ್ಕೊ” ಎಂದ ನಂದನ, ತರಗತಿಯಲ್ಲಿ ಹೇಳುವ ಅದೇ ದನಿಯಲ್ಲಿ. “ಅನ್ನಕ್ಕೆ ಗುಳಿ ಮಾಡು. ಹುಳಿ ಬಿಸಿ ಇದೆ.”